ದಿನ ತುಂಬದ ಕರುಳು

ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು ಕಾಡುವ ಕರುಳಿನ ಕಾಯಿಲೆಗಳಲ್ಲಿ ಅತಿ ಕ್ರೂರವಾದದ್ದು ನೆಕ್ರೊಟೈಸಿಂಗ್ ಎಂಟೆರೊಕೊಲೈಟಿಸ್. ನಾಲಿಗೆ ಹೊರಳದ ಈ ಹೆಸರನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಲ್ಲಿ ಎನ್‌ಇಸಿ ಎಂದು ಮೊಟಕು ಮಾಡಿಕೊಂಡಿದ್ದಾರೆ. ಸಣ್ಣಕರುಳಿನ ಕೊನೆಯ ಭಾಗ ಮತ್ತು ದೊಡ್ಡಕರುಳಿನ ಆರಂಭದ ಭಾಗವೇ ಇದರ ಮುಖ್ಯ ಗುರಿ. ಅಲ್ಲಿನ ಗೋಡೆ ಊದಿಕೊಳ್ಳುತ್ತದೆ, ರಕ್ತದ ಹರಿವು ಕುಗ್ಗುತ್ತದೆ, ಕೊನೆಗೆ ಆ ತುಂಡು ಸತ್ತು ಕಪ್ಪಾಗುತ್ತದೆ. ಹುಟ್ಟುವಾಗ 1,500 ಗ್ರಾಂಗಿಂತ ಕಡಿಮೆ ತೂಗುವ ನೂರು ಮಕ್ಕಳಲ್ಲಿ ಸುಮಾರು ಐದರಿಂದ ಹತ್ತು ಮಕ್ಕಳಿಗೆ ಇದು ತಗಲುತ್ತದೆ. ತಗಲಿದವರಲ್ಲಿ ನೂರಕ್ಕೆ 20ರಿಂದ 30 ಮಕ್ಕಳು ಉಳಿಯುವುದಿಲ್ಲ.

ಕಾಯಿಲೆ ಬರುವ ಹೊತ್ತೂ ವಿಚಿತ್ರವಾದದ್ದು. ಹುಟ್ಟಿದ ದಿನವೇ ಅಲ್ಲ, ಸಾಮಾನ್ಯವಾಗಿ ಎರಡನೇ ಅಥವಾ ಮೂರನೇ ವಾರದಲ್ಲಿ. ಅಷ್ಟರಲ್ಲಿ ಉಸಿರಾಟದ ಗಂಡಾಂತರ ಕಳೆದಿರುತ್ತದೆ, ಮೂಗಿನ ನಳಿಗೆಯಲ್ಲಿ ಒಂದೊಂದೇ ಮಿಲಿಲೀಟರ್ ಹಾಲು ಹೋಗುತ್ತಿರುತ್ತದೆ, ಇನ್ನೇನು ಒಳಲೆಯಲ್ಲಿ ಕುಡಿಸಬಹುದೆಂದು ಮನೆಯವರು ಕಾಯುತ್ತಿರುತ್ತಾರೆ. ಒಂದು ದಿನ ಹಾಲು ಜೀರ್ಣವಾಗದೆ ಹೊಟ್ಟೆಯಲ್ಲೇ ನಿಲ್ಲುತ್ತದೆ. ನಳಿಗೆಯಿಂದ ಹಿಂದಕ್ಕೆಳೆದರೆ ಹಸಿರು ಪಿತ್ತ ಬರುತ್ತದೆ. ಹೊಟ್ಟೆಯ ಸುತ್ತಳತೆ ನೋಡುವ ನರ್ಸ್‌ನ ಟೇಪು ಬೆಳಿಗ್ಗೆಗಿಂತ ಸಂಜೆ ಒಂದೆರಡು ಸೆಂಟಿಮೀಟರ್ ಹೆಚ್ಚು ತೋರಿಸುತ್ತದೆ. ಹೊಟ್ಟೆಯ ಚರ್ಮ ಬಿಗಿದು ಮಿರುಗುತ್ತದೆ, ಮಲದಲ್ಲಿ ರಕ್ತ ಕಾಣಿಸುತ್ತದೆ, ಮಗು ನಡುನಡುವೆ ಉಸಿರಾಡುವುದನ್ನೇ ಮರೆಯುತ್ತದೆ. ಎಕ್ಸ್-ರೇ ತೆಗೆದರೆ ಕರುಳಿನ ಗೋಡೆಯೊಳಗೇ ಸಾಲುಸಾಲಾಗಿ ಗಾಳಿಗುಳ್ಳೆಗಳು. ಗೋಡೆಯೊಳಕ್ಕೆ ನುಗ್ಗಿದ ಬ್ಯಾಕ್ಟೀರಿಯಾಗಳು ಬಿಟ್ಟ ಅನಿಲ ಅದು. ಕಾಯಿಲೆಯನ್ನು ಶಂಕಿತ, ಖಚಿತ, ಮುಂದುವರಿದ ಎಂಬ ಮೂರು ಹಂತಗಳಲ್ಲಿ ಅಳೆಯುವ ಕ್ರಮವನ್ನು 1978ರಲ್ಲಿ ಮಾರ್ಟಿನ್ ಬೆಲ್ ಮತ್ತು ಸಂಗಡಿಗರು ರೂಪಿಸಿದರು. ಕೆಲವು ತಿದ್ದುಪಡಿಗಳೊಂದಿಗೆ ಅದು ಇಂದಿಗೂ ಬಳಕೆಯಲ್ಲಿದೆ.

ಬೇಗ ಹುಟ್ಟಿದ ಮಗುವಿಗೆ ರೋಗನಿರೋಧಕ ಶಕ್ತಿ ಕಡಿಮೆ, ಆದ್ದರಿಂದ ಸೋಂಕು ಗೆಲ್ಲುತ್ತದೆ ಎಂಬುದು ಸುಲಭದ ವಿವರಣೆ. ಅದು ಅರ್ಧ ನಿಜ ಮಾತ್ರ. ಎನ್‌ಇಸಿಯಲ್ಲಿ ಕರುಳನ್ನು ಹಾಳುಗೆಡವುವುದರಲ್ಲಿ ಬ್ಯಾಕ್ಟೀರಿಯಾದ ಪಾಲಿಗಿಂತ ಮಗುವಿನ ಸ್ವಂತ ರಕ್ಷಣಾ ವ್ಯವಸ್ಥೆಯ ಅತಿರೇಕದ ಪಾಲು ಕಡಿಮೆಯೇನಲ್ಲ. ಆ ವ್ಯವಸ್ಥೆ ಸಿದ್ಧವಾಗುತ್ತಿದ್ದದ್ದು ಗರ್ಭದ ಬದುಕಿಗೆ. ಈಗ ಅದು ಹೊರಗಿನ ಲೋಕದಲ್ಲಿದೆ.

ಗರ್ಭದಲ್ಲಿ ಕಲಿಯಬೇಕಾದ ಮೊದಲ ಪಾಠ ಸಹನೆ. ತಾಯಿಯ ಜೀವಕೋಶಗಳು ಭ್ರೂಣದೊಳಕ್ಕೆ ಬಂದು ಸೇರುತ್ತವೆ. ಅವನ್ನು ಶತ್ರುವೆಂದು ಬಗೆದು ಯುದ್ಧಕ್ಕೆ ನಿಂತರೆ ಬಸಿರಿಗೇ ಅಪಾಯ. ಹಾಗಾಗಿ ಭ್ರೂಣದಲ್ಲಿ ಜಗಳ ತಣಿಸುವ ನಿಯಂತ್ರಕ ಟಿ-ಕೋಶಗಳದ್ದೇ ಮೇಲುಗೈ. ಹೊರಗಿನ ಸೋಂಕುಗಳ ವಿರುದ್ಧ ಬೇಕಾಗುವ ಐಜಿಜಿ ಪ್ರತಿಕಾಯಗಳನ್ನು ತಾಯಿ ಮಾಸಿನ ಮೂಲಕ ದಾಟಿಸುತ್ತಾಳಾದರೂ ಅದರ ದೊಡ್ಡ ಪಾಲು ಸಾಗುವುದು ಕೊನೆಯ ಮೂರು ತಿಂಗಳಲ್ಲಿ. ದಿನ ತುಂಬಿ ಹುಟ್ಟಿದ ಮಗುವಿನ ರಕ್ತದಲ್ಲಿ ಐಜಿಜಿ ತಾಯಿಯ ಮಟ್ಟವನ್ನು ಮುಟ್ಟಿರುತ್ತದೆ, ಕೆಲವೊಮ್ಮೆ ಮೀರಿರುತ್ತದೆ. 27ನೇ ವಾರದಲ್ಲೇ ಬಂದ ಮಗುವಿಗೆ ಆ ಬುತ್ತಿ ಕಟ್ಟಿ ಮುಗಿದಿರುವುದಿಲ್ಲ. ಇನ್ನು ಕರುಳಿನ ಒಳಮೈಯನ್ನು ಕಾಯುವ ಐಜಿಎ ಪ್ರತಿಕಾಯವನ್ನು ಯಾವ ನವಜಾತ ಶಿಶುವೂ ಮೊದಲ ವಾರಗಳಲ್ಲಿ ತಾನಾಗಿ ಸಾಕಷ್ಟು ತಯಾರಿಸಲಾರದು.

ಕರುಳಿನ ಗೋಡೆಯೂ ಅಷ್ಟೇ ಹಸಿ. ಕರುಳು ಕೊನೆಯ ಮೂರು ತಿಂಗಳಲ್ಲಿ ಉದ್ದದಲ್ಲೇ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿಗೂ ರಕ್ತಕ್ಕೂ ನಡುವೆ ಇರುವ ಅದರ ಒಳಪೊರೆ ಒಂದೇ ಸಾಲು ಜೀವಕೋಶಗಳದ್ದು. ಬೆಳೆದ ಕರುಳಿನಲ್ಲಿ ಈ ಕೋಶಗಳ ಸಂದುಗಳು ಬಿಗಿಯಾಗಿ ಬೆಸೆದಿರುತ್ತವೆ, ಮೇಲೆ ಗೋಬ್ಲೆಟ್ ಕೋಶಗಳು ಸುರಿಸಿದ ಲೋಳೆಯ ಹೊದಿಕೆ ಇರುತ್ತದೆ, ತಳದ ಕುಳಿಗಳಲ್ಲಿ ಕೂತ ಪ್ಯಾನೆತ್ ಕೋಶಗಳು ಬ್ಯಾಕ್ಟೀರಿಯಾ ಕೊಲ್ಲುವ ಪ್ರೊಟೀನುಗಳನ್ನು ಸ್ರವಿಸುತ್ತವೆ. ದಿನ ತುಂಬದ ಕರುಳಿನಲ್ಲಿ ಸಂದುಗಳು ಸಡಿಲ, ಲೋಳೆ ತೆಳು, ಪ್ಯಾನೆತ್ ಕೋಶಗಳು ಬೆರಳೆಣಿಕೆಯವು. ಜಠರದ ಆಮ್ಲವೂ ಕಡಿಮೆ, ಕರುಳಿನ ಅಲೆಯಂಥ ಚಲನೆಯೂ ನಿಧಾನ. ಗಾರೆ ಒಣಗುವ ಮುನ್ನವೇ ಮಳೆಗೆ ಸಿಕ್ಕ ಗೋಡೆಯ ಪಾಡು ಇದು.

ಈ ಗೋಡೆಯ ಮೇಲೆ ಕೂತಿರುವ ಒಂದು ಅಣು ಕಥೆಯ ಕೇಂದ್ರದಲ್ಲಿದೆ. ಅದರ ಹೆಸರು ಟೋಲ್-ಲೈಕ್ ರಿಸೆಪ್ಟರ್ 4, ಚುಟುಕಾಗಿ ಟಿಎಲ್‌ಆರ್4. ‘ಟೋಲ್’ ಎಂಬುದು ಮೊದಲು ಹಣ್ಣುನೊಣದಲ್ಲಿ ಸಿಕ್ಕ ವಂಶವಾಹಿಯ ಹೆಸರು. ಜರ್ಮನ್ ಭಾಷೆಯಲ್ಲಿ ಅದು ‘ಭಲೇ’ ಎನ್ನುವ ಹಾಗಿನ ಉದ್ಗಾರ. ನೊಣದಲ್ಲಿ ಅದು ಸೋಂಕಿನ ವಿರುದ್ಧ ಕೆಲಸ ಮಾಡುವುದನ್ನು ಜೂಲ್ಸ್ ಹಾಫ್‌ಮನ್ ತೋರಿಸಿದರು. ಅದರ ನಂಟಿನ ಟಿಎಲ್‌ಆರ್4 ಕೆಲವು ಬಗೆಯ ಬ್ಯಾಕ್ಟೀರಿಯಾಗಳ ಹೊರಕವಚದ ಲಿಪೊಪಾಲಿಸ್ಯಾಕರೈಡ್ ಎಂಬ ವಸ್ತುವನ್ನು ಗುರುತಿಸುತ್ತದೆ ಎಂದು 1998ರಲ್ಲಿ ಬ್ರೂಸ್ ಬಾಯ್ಟ್ಲರ್ ತಂಡ ಇಲಿಗಳಲ್ಲಿ ಕಂಡುಕೊಂಡಿತು. 2011ರ ವೈದ್ಯಕೀಯ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು.

ಟಿಎಲ್‌ಆರ್4ಗೂ ಎನ್‌ಇಸಿಗೂ ಇರುವ ನಂಟನ್ನು ಬಿಡಿಸಿದವರಲ್ಲಿ ಅಮೆರಿಕದ ಶಸ್ತ್ರವೈದ್ಯ ಡೇವಿಡ್ ಹ್ಯಾಕಮ್ ಪ್ರಮುಖರು. ಗರ್ಭದಲ್ಲಿರುವಾಗ ಟಿಎಲ್‌ಆರ್4ಗೆ ಕಾವಲಿನ ಕೆಲಸವಿರುವುದಿಲ್ಲ, ಕರುಳನ್ನು ಕಟ್ಟುವ ಕೆಲಸದಲ್ಲಿ ಅದು ಕೈಜೋಡಿಸುತ್ತದೆ. ಹಾಗಾಗಿ ಅದರ ಪ್ರಮಾಣ ಆಗ ಹೆಚ್ಚು. ದಿನ ತುಂಬುವ ಹೊತ್ತಿಗೆ ಅದು ತಗ್ಗುತ್ತದೆ. ಬೇಗ ಹುಟ್ಟಿದ ಮಗುವಿನಲ್ಲಿ ಅದು ಏರಿದ ಮಟ್ಟದಲ್ಲೇ ಇರುವಾಗ ಬ್ಯಾಕ್ಟೀರಿಯಾಗಳು ಬಂದಿಳಿಯುತ್ತವೆ. ಒಮ್ಮೆ ಅದು ಕೆರಳಿತೆಂದರೆ ಒಳಪೊರೆಯ ಕೋಶಗಳು ಸಾಯುತ್ತವೆ, ಹೊಸ ಕೋಶ ಹುಟ್ಟಿ ಗಾಯ ಮುಚ್ಚುವುದು ನಿಲ್ಲುತ್ತದೆ, ಲೋಳೆ ಸುರಿಸುವ ಕೋಶಗಳೂ ಕಡಿಮೆಯಾಗುತ್ತವೆ. ತೂತಿನಿಂದ ಒಳಸೇರಿದ ಬ್ಯಾಕ್ಟೀರಿಯಾಗಳು ರಕ್ತನಾಳಗಳ ಒಳಮೈಯಲ್ಲಿರುವ ಅದೇ ಅಣುವನ್ನು ಕೆಣಕುತ್ತವೆ. ಆಗ ನಾಳಗಳನ್ನು ಹಿಗ್ಗಿಸಿಡುವ ನೈಟ್ರಿಕ್ ಆಕ್ಸೈಡ್ ಕುಗ್ಗಿ, ನಾಳಗಳು ಮುದುಡಿ, ಕರುಳಿಗೆ ರಕ್ತ ತಪ್ಪುತ್ತದೆ. ಇದರ ಹೆಚ್ಚಿನ ಸಾಕ್ಷ್ಯ ಇಲಿಮರಿ, ಹಂದಿಮರಿಗಳದ್ದು. ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕರುಳಿನ ತುಂಡುಗಳು ಅದಕ್ಕೆ ತಾಳೆಯಾಗುತ್ತವೆ. ಉರಿಯೂತದ ಸಂದೇಶ ಸಾರುವ ಇಂಟರ್‌ಲ್ಯೂಕಿನ್-8ನ್ನು ಭ್ರೂಣದ ಕರುಳಿನ ಕೋಶಗಳು ಬೆಳೆದವರ ಕೋಶಗಳಿಗಿಂತ ಬಹಳ ಹೆಚ್ಚು ಸುರಿಸುತ್ತವೆ ಎಂಬುದೂ ಪ್ರಯೋಗಶಾಲೆಯಲ್ಲಿ ಕಂಡಿದೆ.

ಹಾಗೆಂದು ಬ್ಯಾಕ್ಟೀರಿಯಾ ನಿರಪರಾಧಿಯಲ್ಲ. ಸೂಕ್ಷ್ಮಜೀವಿಗಳೇ ಇಲ್ಲದಂತೆ ಸಾಕಿದ ಪ್ರಾಣಿಗಳಲ್ಲಿ ಈ ಕಾಯಿಲೆ ಬರುವುದಿಲ್ಲ. ಕಾಯಿಲೆ ಹತ್ತುವ ಮುನ್ನ ಮಗುವಿನ ಮಲದಲ್ಲಿ ಇ. ಕೋಲಿ, ಕ್ಲೆಬ್ಸಿಯೆಲ್ಲಾ ಇರುವ ಗುಂಪಿನ ಬ್ಯಾಕ್ಟೀರಿಯಾಗಳು ವಿಪರೀತ ಹೆಚ್ಚುತ್ತವೆ. ಆದರೆ ಇಂಥದ್ದೇ ಒಂದು ರೋಗಾಣು ಎಂದು ಬೊಟ್ಟು ಮಾಡಲು ಈವರೆಗೆ ಆಗಿಲ್ಲ. ಸೋಂಕು ಖಚಿತವಾಗದಿದ್ದರೂ ಮುಂಜಾಗ್ರತೆಗೆಂದು ಮೊದಲ ದಿನಗಳಿಂದ ಆ್ಯಂಟಿಬಯಾಟಿಕ್ ಹಲವು ದಿನ ಪಡೆದ ಮಕ್ಕಳಲ್ಲಿ ಎನ್‌ಇಸಿ ಹೆಚ್ಚು. ಒಳ್ಳೆಯ ಸೂಕ್ಷ್ಮಜೀವಿಗಳು ಬೇರೂರುವ ಮೊದಲೇ ಔಷಧ ಹೊಲವನ್ನು ಬರಿದು ಮಾಡಿರುತ್ತದೆ.

ಕರುಳಿನ ಗೋಡೆ, ರಕ್ಷಣಾ ವ್ಯವಸ್ಥೆ, ಬ್ಯಾಕ್ಟೀರಿಯಾ, ಈ ಮೂರೂ ಕಡೆಯಲ್ಲಿ ಏಕಕಾಲಕ್ಕೆ ಕೆಲಸ ಮಾಡುವ ವಸ್ತು ಒಂದೇ, ತಾಯಿಯ ಹಾಲು. ನ್ಯೂಯಾರ್ಕಿನ ಬಾರ್ಲೊ ಮತ್ತು ಸಂಗಡಿಗರು 1974ರಲ್ಲೇ ಇಲಿಮರಿಗಳಲ್ಲಿ ಇದರ ಸುಳಿವು ಕಂಡಿದ್ದರು. 1990ರಲ್ಲಿ ಬ್ರಿಟನ್ನಿನ ಅಲನ್ ಲೂಕಸ್ ಮತ್ತು ಟಿಮ್ ಕೋಲ್ 926 ಅವಧಿಪೂರ್ವ ಶಿಶುಗಳ ಲೆಕ್ಕ ಮುಂದಿಟ್ಟರು. ಬರೀ ಡಬ್ಬಿ ಹಾಲು ಕುಡಿದವರಲ್ಲಿ ಎನ್‌ಇಸಿ, ಬರೀ ಎದೆಹಾಲು ಕುಡಿದವರಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚಿತ್ತು. ಎದೆಹಾಲಿನಲ್ಲಿರುವ ಬೆಳವಣಿಗೆಯ ಅಂಶಗಳು ಟಿಎಲ್‌ಆರ್4ನ ಉರವಣೆಯನ್ನು ತಗ್ಗಿಸುತ್ತವೆ. ಗರ್ಭಜಲದಲ್ಲೂ ಅವು ಇರುತ್ತವೆ, ಹೊಟ್ಟೆಯಲ್ಲಿದ್ದಾಗ ಮಗು ಅದನ್ನು ನುಂಗುತ್ತಲೇ ಇರುತ್ತದೆ. ಲ್ಯಾಕ್ಟೊಫೆರಿನ್ ಬ್ಯಾಕ್ಟೀರಿಯಾಗಳಿಗೆ ಕಬ್ಬಿಣ ಸಿಗದಂತೆ ಮಾಡುತ್ತದೆ. ತಾಯಿಯ ಕರುಳು ಎದುರಿಸಿದ ಸೂಕ್ಷ್ಮಜೀವಿಗಳ ವಿರುದ್ಧ ತಯಾರಾದ ಐಜಿಎ ಹಾಲಿನಲ್ಲಿ ಇಳಿದು ಮಗುವಿನ ಕರುಳಿನ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಳ್ಳುತ್ತದೆ. ಎನ್‌ಇಸಿ ಬರುವ ಮುನ್ನ ಹೀಗೆ ಐಜಿಎ ಅಂಟಿದ ಬ್ಯಾಕ್ಟೀರಿಯಾಗಳ ಪಾಲು ಕುಸಿಯುವುದನ್ನು 2019ರಲ್ಲಿ ಪಿಟ್ಸ್‌ಬರ್ಗ್‌ನ ಸಂಶೋಧಕರು ದಾಖಲಿಸಿದರು. ಇಷ್ಟು ಸಾಲದೆಂಬಂತೆ, ಮಗು ಜೀರ್ಣಿಸಿಕೊಳ್ಳಲಾರದ ನೂರಕ್ಕೂ ಮಿಕ್ಕಿದ ಬಗೆಯ ಸಕ್ಕರೆ ಸರಪಳಿಗಳು ಎದೆಹಾಲಿನಲ್ಲಿವೆ. ಅವು ಮಗುವಿನ ಊಟವಲ್ಲ, ಬಿಫಿಡೊಬ್ಯಾಕ್ಟೀರಿಯಾ ಎಂಬ ಸ್ನೇಹಜೀವಿಗಳ ಊಟ. ಹಸುವಿನ ಹಾಲಿನಲ್ಲಿ ಇವು ಅತ್ಯಲ್ಪ. ನಮ್ಮ ಎಷ್ಟೋ ಮನೆಗಳಲ್ಲಿ ಹಿಂಡಿ ಚೆಲ್ಲುತ್ತಿದ್ದ ಮೊದಲ ದಿನಗಳ ಹಳದಿ ಹಾಲಿನಲ್ಲೇ ಐಜಿಎ ಅತಿ ಹೆಚ್ಚು ಎಂಬುದನ್ನು ಇಲ್ಲಿ ನೆನೆಯಬೇಕು.

ಕಾಯಿಲೆ ಬಂದ ಮೇಲಿನ ಚಿಕಿತ್ಸೆಯಲ್ಲಿ ಹೇಳಿಕೊಳ್ಳುವಂಥ ಹೊಸತನವಿಲ್ಲ. ಹಾಲು ನಿಲ್ಲಿಸಿ, ಹೊಟ್ಟೆಯ ಗಾಳಿ ಹೊರತೆಗೆದು, ಆ್ಯಂಟಿಬಯಾಟಿಕ್ ಕೊಟ್ಟು, ರಕ್ತನಾಳದ ಮೂಲಕವೇ ಪೋಷಣೆ ಒದಗಿಸುತ್ತಾರೆ. ಕರುಳು ತೂತಾದರೆ ಹೆಚ್ಚಾಗಿ ಸತ್ತ ಭಾಗವನ್ನು ಕತ್ತರಿಸಬೇಕಾಗುತ್ತದೆ. ಬಹಳಷ್ಟು ಕತ್ತರಿಸಬೇಕಾಗಿ ಬಂದ ಮಗುವಿಗೆ ಉಳಿದ ಗಿಡ್ಡ ಕರುಳಿನಿಂದ ಪೋಷಣೆ ಸಾಲದೆ ವರ್ಷಗಟ್ಟಲೆ ಒದ್ದಾಟ. ಮಿದುಳಿನ ಬೆಳವಣಿಗೆಯೂ ಹಿಂದೆ ಬೀಳಬಹುದು. ಆದ್ದರಿಂದ ತಡೆಯುವುದರಲ್ಲೇ ಜಾಣತನ. ಅವಧಿಗೆ ಮುನ್ನ ಹೆರಿಗೆಯ ಸೂಚನೆ ಕಂಡ ತಾಯಿಗೆ ಮಗುವಿನ ಶ್ವಾಸಕೋಶ ಬಲಿಯಲೆಂದು ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಎನ್‌ಇಸಿಯನ್ನೂ ತಗ್ಗಿಸುತ್ತದೆ. ಪ್ರೊಬಯಾಟಿಕ್‌ಗಳು ಉಪಕಾರಿ ಎಂದು ಹಲವು ಪರೀಕ್ಷೆಗಳು ಹೇಳಿದರೂ ಎಲ್ಲ ತಳಿಗಳೂ ಒಂದೇ ಅಲ್ಲ. ಅಂಥ ಉತ್ಪನ್ನ ಪಡೆದ ಅವಧಿಪೂರ್ವ ಶಿಶುವೊಂದು ಸತ್ತ ಮೇಲೆ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಿತು.

ತಾಯಿಗೆ ಹಾಲು ಬಾರದಿದ್ದರೆ ಇರುವ ದಾರಿ ಎದೆಹಾಲಿನ ಬ್ಯಾಂಕ್. 1885ರಲ್ಲಿ ಶಿಶುಗಳ ಮಲದಲ್ಲಿ ಇ. ಕೋಲಿಯನ್ನು ಗುರುತಿಸಿದ ಥಿಯೊಡೊರ್ ಎಶೆರಿಕ್ ಅವರೇ 1909ರಲ್ಲಿ ವಿಯೆನ್ನಾದಲ್ಲಿ ಇಂಥ ಮೊದಲ ಬ್ಯಾಂಕ್ ತೆರೆದವರು. ಭಾರತದ ಮೊದಲನೆಯದನ್ನು ಡಾ. ಆರ್ಮಿಡಾ ಫರ್ನಾಂಡಿಸ್ 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಆರಂಭಿಸಿದರು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲೂ ಈಗ ಒಂದಿದೆ. ದಾನಿಗಳ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಿ ತಂಪಾಗಿಸಿ ಇಡುತ್ತಾರೆ. ಆ ಕಾವಿಗೆ ಸಕ್ಕರೆ ಸರಪಳಿಗಳು ಜಗ್ಗುವುದಿಲ್ಲ, ಐಜಿಎ ಒಂದಿಷ್ಟು ಹೋಗುತ್ತದೆ, ಲ್ಯಾಕ್ಟೊಫೆರಿನ್ ಬಹುಪಾಲು ಹೋಗುತ್ತದೆ. ಹೀಗಾಗಿ ದಿನ ತುಂಬದ ಮಗುವಿಗೆ ಮೊದಲ ಆಯ್ಕೆ ಹೆತ್ತ ತಾಯಿಯ ಹಾಲು, ಎರಡನೆಯದು ದಾನಿಯ ಹಾಲು, ಅವೆರಡೂ ಸಿಗದಾಗ ಮಾತ್ರ ಡಬ್ಬಿ ಹಾಲು.