ಹುಳ ಹುಡುಕುವ ತಾಳ್ಮೆ ಇದೆಯೇ?

ಮಕ್ಕಳೇ, ‘ಗಣಿತದಲ್ಲಿ ನೂರಕ್ಕೆ ನೂರು ಬಂದರೆ ಮಾತ್ರ ಸಾಫ್ಟ್‌ವೇರ್ ಎಂಜಿನಿಯರ್ ಆಗಬಹುದಾ?’ ಎಂದು ನೀವು ಕೇಳುತ್ತೀರಿ. ‘ಸಂಬಳ ಎಷ್ಟು ಬರುತ್ತೆ?’ ಎಂದು ಅಜ್ಜ-ಅಜ್ಜಿ ಕೇಳುತ್ತಾರೆ. ಈ ಕೆಲಸದಲ್ಲೇ ಇರುವ ನಾನು ಕೇಳುವ ಪ್ರಶ್ನೆಯೇ ಬೇರೆ: ತಪ್ಪು ಹುಡುಕುವ ತಾಳ್ಮೆ ನಿಮಗಿದೆಯೇ?

1947ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಮಾರ್ಕ್-2 ಕಂಪ್ಯೂಟರ್ ಕೈಕೊಟ್ಟಿತು. ತೆರೆದು ನೋಡಿದರೆ ಒಳಗೊಂದು ಪತಂಗ! ಯಂತ್ರದ ದೋಷವನ್ನು ‘ಬಗ್’, ಅಂದರೆ ಹುಳ, ಎನ್ನುವ ವಾಡಿಕೆ ಮೊದಲೇ ಇತ್ತು; ಅಂದು ನಿಜವಾದ ಹುಳವೇ ಸಿಕ್ಕಿತು. ಅದನ್ನು ದಾಖಲೆ ಪುಸ್ತಕಕ್ಕೆ ಅಂಟಿಸಿಟ್ಟರು. ಇಂದಿಗೂ ನನ್ನ ದಿನದ ದೊಡ್ಡ ಪಾಲು ಇಂಥ ‘ಹುಳ’ಗಳ ಬೇಟೆಯಲ್ಲೇ ಕಳೆಯುತ್ತದೆ.

ನಿಮಗೊಂದು ಪರೀಕ್ಷೆ. ನಿಂಬೆಹಣ್ಣಿನ ಪಾನಕ ಮಾಡುವ ಕ್ರಮವನ್ನು ಕಾಗದದಲ್ಲಿ ಬರೆಯಿರಿ. ಬರೆದಷ್ಟನ್ನೇ ಅಜ್ಜ ಮಾಡಬೇಕು. ‘ಸಕ್ಕರೆ ಹಾಕಿ’ ಎಂದರೆ ಎಷ್ಟು? ‘ಹಣ್ಣು ಕೊಯ್ಯಿರಿ’ ಎನ್ನದಿದ್ದರೆ ಇಡೀ ಹಣ್ಣೇ ಪಾತ್ರೆಗೆ ಬೀಳುತ್ತದೆ! ಕಂಪ್ಯೂಟರ್ ಕೂಡ ಹೀಗೆಯೇ, ಹೇಳಿದಷ್ಟನ್ನೇ ಮಾಡುತ್ತದೆ. ನಕ್ಕು, ತಿದ್ದಿ, ಮತ್ತೆ ಬರೆಯುವ ಮನಸ್ಸಾಯಿತೇ? ಹಾಗಾದರೆ ರಜೆಯಲ್ಲಿ ‘ಸ್ಕ್ರ್ಯಾಚ್’ ಕಲಿಯಿರಿ. ಅಮೆರಿಕದ ಎಂಐಟಿ ಸಂಸ್ಥೆ 2007ರಲ್ಲಿ ಮಕ್ಕಳಿಗಾಗಿಯೇ ಹೊರತಂದ ಉಚಿತ ಪ್ರೋಗ್ರಾಮಿಂಗ್ ಭಾಷೆಯಿದು. ಬಣ್ಣದ ತುಂಡುಗಳನ್ನು ಜೋಡಿಸಿ ಆಟ, ಕಥೆ ಕಟ್ಟಬಹುದು.

ಒಂದು ತಿಂಗಳಾದರೂ ತಪ್ಪು ಸಿಕ್ಕಾಗ ಖುಷಿಯಾಗುತ್ತಿದ್ದರೆ ಈ ದಾರಿ ನಿಮ್ಮದಾಗಬಹುದು. ಬರೀ ಬೇಸರವೇ ಬಂದರೆ ಅದೂ ಒಳ್ಳೆಯ ಉತ್ತರವೇ. ಬೇರೆ ದಾರಿಗಳು ಬೇಕಾದಷ್ಟಿವೆ.

ಅಜ್ಜ-ಅಜ್ಜಿಯರೇ, ಪಕ್ಕದ ಮನೆಯವರ ಸಂಬಳ ನೋಡಿ ಮೊಮ್ಮಕ್ಕಳನ್ನು ಇತ್ತ ತಳ್ಳಬೇಡಿ. ಸಂಬಳ ತಿಂಗಳಿಗೊಮ್ಮೆ ಬರುತ್ತದೆ, ಕೆಲಸ ದಿನವೂ ಇರುತ್ತದೆ.