ಅಚ್ಚು ನೋಡಿ ಟ್ರೇಲರು ಕೊಳ್ಳಬೇಕು

ಗೃಹಸ್ಥನ ಮನೆಗೆ ಬರುವ ಹಳೆಯ ವಸ್ತುಗಳಲ್ಲಿ ಎರಡು ಜಾತಿಗಳುಂಟು. ಹಳೆಯದಾದಷ್ಟೂ ಬೆಲೆ ಏರುವವು ಕೆಲವು. ಹಳೆಯದಾದಷ್ಟೂ ದೋಷವನ್ನು ಒಡಲಲ್ಲಿ ಅಡಗಿಸಿಕೊಂಡಿರುವವು ಕೆಲವು. ತಾಮ್ರದ ಹಂಡೆ, ಸಾಗುವಾನಿಯ ಪೆಟ್ಟಿಗೆ ಮೊದಲನೆಯ ಜಾತಿಯವು. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೇಲರು ಎರಡನೆಯ ಜಾತಿಯದು. ಹಂಡೆ ತೂತಾದರೆ ನೀರು ಸೋರುವದು, ಅಷ್ಟೆ. ಟ್ರೇಲರಿನ ಅಚ್ಚು ಮುರಿದರೆ ಮಾತ್ರ ಮಾಲು ಹೋಗುವದಲ್ಲದೆ ಮನುಷ್ಯರೂ ಹೋಗುವರು. ಆದುದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಬರೆಯುವದು ಅಪ್ರಸ್ತುತವಾಗಲಾರದೆಂದು ನಾವು ನಂಬಿದ್ದೇವೆ.

ನಮ್ಮ ಕೆಂಭಾವಿಯ ಸೀಮೆಯಲ್ಲಿ ಒಂದು ಕಾಲಕ್ಕೆ ಒಕ್ಕಲುತನದ ಭಾರವನ್ನೆಲ್ಲ ಎತ್ತಿನ ಬಂಡಿಯೇ ಹೊರುತ್ತಿತ್ತು. ಜೋಳ, ತೊಗರಿ, ಶೇಂಗಾ ಬೆಳೆಯುವ ಒಣಭೂಮಿಗೆ ಅದೇ ಸಾಕಾಗಿತ್ತು. 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯವು ಸಿದ್ಧವಾಗಿ, ಎಡದಂಡೆ ಕಾಲುವೆಯ ನೀರು ಕ್ರಮೇಣ ಸುರಪುರ, ಶಹಾಪುರಗಳ ಹೊಲಗಳಿಗೆ ಹರಿದ ಮೇಲೆ ಭತ್ತ, ಹತ್ತಿ, ಮೆಣಸಿನಕಾಯಿಗಳ ರಾಶಿ ಹೆಚ್ಚಿತು. ರಾಶಿ ಹೆಚ್ಚಿದಂತೆ ಬಂಡಿ ಹಿಂದೆ ಸರಿದು ಟ್ರ್ಯಾಕ್ಟರು ಮುಂದೆ ಬಂದಿತು. ಸಾಲ ಮಾಡಿ ಟ್ರ್ಯಾಕ್ಟರು ಕೊಂಡ ಒಕ್ಕಲಿಗನ ಕೈಯಲ್ಲಿ ಹೊಸ ಟ್ರೇಲರಿಗೆ ಹಣ ಉಳಿಯುವದು ವಿರಳ. ಆಗ ಅವನು ಯಾರೋ ಮಾರಲಿಟ್ಟ ಹಳೆಯದರ ಕಡೆಗೆ ನೋಡುವನು. ಆ ಹಣಕ್ಕಾಗಿಯೂ ಎಷ್ಟೋ ವೇಳೆ ಮನೆಯಾಕೆಯ ಬಂಗಾರವು ಒತ್ತೆ ಬೀಳುವದು. ಹೀಗಿರಲು, ಅಗ್ಗವೆಂಬ ಒಂದೇ ಕಾರಣಕ್ಕೆ ಮೋಹಗೊಳ್ಳುವದು ಗೃಹಸ್ಥನಿಗೆ ಯೋಗ್ಯವಲ್ಲ.

ನಾವು ಹೇಳಬೇಕಾದ ಮುಖ್ಯ ಮಾತು ಒಂದೇ: ಬಣ್ಣ ನೋಡಬಾರದು, ಡಬ್ಬಿಯ ಉದ್ದಗಲ ನೋಡಿ ಹಿಗ್ಗಬಾರದು; ಮೊದಲು ಅಚ್ಚು ನೋಡಬೇಕು. ಸಂಸ್ಕೃತದಲ್ಲಿ ಅಚ್ಚಿಗೆ ಅಕ್ಷವೆಂದು ಹೆಸರು. ಮೆಕ್ಯಾನಿಕರು ಹೇಳುವ ಆಕ್ಸಲ್ ಎಂಬ ಶಬ್ದವೂ ಆ ಅಕ್ಷಶಬ್ದವೂ ಒಂದೇ ಪ್ರಾಚೀನ ಮೂಲದಿಂದ ಹುಟ್ಟಿದವೆಂದು ಭಾಷಾಶಾಸ್ತ್ರಜ್ಞರ ಮತ. ಮಾತು ಬದಲಾದರೂ ವಸ್ತುವಿನ ಮಹತ್ವ ಬದಲಾಗಲಿಲ್ಲ. ನಮ್ಮ ಹಿರಿಯರು ಬಂಡಿ ಕೊಳ್ಳುವಾಗ ಅಚ್ಚು, ಗುಂಬ, ಕಡೆಗೀಲುಗಳನ್ನು ಪರೀಕ್ಷಿಸಿದ ಮೇಲೆಯೇ ಬೆಲೆಯ ಮಾತೆತ್ತುತ್ತಿದ್ದರು. ಆ ಕ್ರಮವನ್ನೇ ನಾವು ಇಲ್ಲಿಯೂ ಅನುಸರಿಸಬೇಕು.

ಪರೀಕ್ಷೆಗೂ ಮುಂಚೆ ಒಂದು ಪ್ರಶ್ನೆಯನ್ನು ಕೇಳಿಕೊಳ್ಳತಕ್ಕದ್ದು. ವರ್ಷದಲ್ಲಿ ಎಷ್ಟು ದಿನ ನಮಗೆ ಟ್ರೇಲರು ಬೇಕು? ಗೊಬ್ಬರ ಸಾಗಿಸಲು ನಾಲ್ಕು ದಿನ, ರಾಶಿಯ ಕಾಲಕ್ಕೆ ಎಂಟು ಹತ್ತು ದಿನ, ಇಷ್ಟೇ ಕೆಲಸವಿದ್ದರೆ ಬಾಡಿಗೆಗೆ ತರುವದೇ ಲೇಸು. ರಾಜ್ಯ ಸರಕಾರವು 2014ರಿಂದೀಚೆಗೆ ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಎಂಬ ಬಾಡಿಗೆಯ ಕೇಂದ್ರಗಳನ್ನು ತೆರೆಯಿಸಿತು. ಸಮೀಪದಲ್ಲಿ ಅಂಥದು ಇದ್ದರೆ ವಿಚಾರಿಸಬಹುದು. ಅಣ್ಣತಮ್ಮಂದಿರು ಇಬ್ಬರು ಕೂಡಿ ಒಂದನ್ನು ಕೊಳ್ಳುವದೂ ಉಚಿತವೇ. ಆದರೆ ಯಾರ ಹೆಸರಿನಲ್ಲಿ ಕಾಗದ, ಯಾರ ಮೇಲೆ ದುರಸ್ತಿಯ ಖರ್ಚು ಎಂಬುದನ್ನು ಮೊದಲೇ ಬರೆದಿಡಬೇಕು.

ಕೊಳ್ಳುವದೇ ನಿಶ್ಚಯವಾದರೆ ಎರಡನೆಯ ವಿಚಾರ ಗಾತ್ರದ್ದು. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆಯು ಇಲ್ಲಿ ಅಕ್ಷರಶಃ ಸತ್ಯವಾಗುವದು. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡು ಅಡಿ ಎತ್ತರದ ಡಬ್ಬಿಯನ್ನು ತೆಗೆದುಕೊಳ್ಳೋಣ. ಅದರ ಘನಫಲ 120 ಘನ ಅಡಿ. ಮರಳಿನ ವ್ಯಾಪಾರದಲ್ಲಿ 100 ಘನ ಅಡಿಗೆ ಒಂದು ಬ್ರಾಸು. ಒಂದು ಬ್ರಾಸು ಮರಳು ನಾಲ್ಕು ಟನ್ನಿಗೂ ಹೆಚ್ಚು ತೂಗುವದು. ಹಾಗಾದರೆ ಡಬ್ಬಿಯ ಅಂಚಿನವರೆಗೆ ಮರಳು ತುಂಬಿದರೆ ಸುಮಾರು ಐದು ಟನ್; ಟ್ರೇಲರಿನ ಸ್ವಂತ ತೂಕ ಬೇರೆ. ಎಳೆಯುವ ಮಧ್ಯಮ ಗಾತ್ರದ ಟ್ರ್ಯಾಕ್ಟರಾದರೋ ಎರಡು ಟನ್ನಿನ ಆಸುಪಾಸಿನದು. ಅದೇ ಡಬ್ಬಿಯಲ್ಲಿ ಬಿಡಿ ಹತ್ತಿಯನ್ನು ತುಂಬಿದರೆ ತೂಕವು ಮರಳಿನ ಒಂದು ಸಣ್ಣ ಅಂಶ ಮಾತ್ರ. ಡಬ್ಬಿ ತುಂಬಿತೇ ಎಂಬುದು ಲೆಕ್ಕವಲ್ಲ, ಎಷ್ಟು ತೂಕವಾಯಿತೆಂಬುದು ಲೆಕ್ಕ. ನೋಂದಣಿ ಪತ್ರದಲ್ಲಿ ಬರಿಯ ತೂಕವೂ ಹೇರುಸಹಿತವಾದ ಒಟ್ಟು ತೂಕವೂ ಬರೆದಿರುತ್ತವೆ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಉಳಿಯುವದೇ ನ್ಯಾಯವಾದ ಹೇರು.

ಎಳೆಯುವದಕ್ಕಿಂತ ನಿಲ್ಲಿಸುವದು ಕಠಿಣ. ನಮ್ಮ ಕಡೆಯ ಎಷ್ಟೋ ಟ್ರೇಲರುಗಳಿಗೆ ಸ್ವಂತದ ಬ್ರೇಕು ಇರುವದಿಲ್ಲ. ಇದ್ದರೂ ಕೆಲಸ ಮಾಡುವದಿಲ್ಲ. ಆಗ ಹಿಂದಿನ ಭಾರವನ್ನೆಲ್ಲ ಟ್ರ್ಯಾಕ್ಟರಿನ ಬ್ರೇಕೇ ತಡೆಯಬೇಕು. ವೇಗವು ಎರಡರಷ್ಟಾದರೆ ನಿಲ್ಲಲು ಬೇಕಾಗುವ ದೂರವು ಹತ್ತಿರಹತ್ತಿರ ನಾಲ್ಕರಷ್ಟಾಗುವದು. ಇಳಿಜಾರಿನಲ್ಲಿ ಹೇರಿದ ಟ್ರೇಲರು ಟ್ರ್ಯಾಕ್ಟರನ್ನು ಹಿಂದಿನಿಂದ ನೂಕಿ ಅಡ್ಡ ತಿರುಗಿಸುವ ಸಂಭವವುಂಟು. ಹೊಲದಲ್ಲಿ ತಿರುಗಿಸಲು ಅನುಕೂಲವಾಗಲೆಂದು ಟ್ರ್ಯಾಕ್ಟರಿನ ಎಡಬಲ ಬ್ರೇಕುಗಳಿಗೆ ಎರಡು ಪೆಡಲುಗಳಿರುವವು. ರಸ್ತೆಗೆ ಬಂದಾಗ ಅವೆರಡನ್ನೂ ಕೊಂಡಿಯಿಂದ ಜೋಡಿಸಲೇಬೇಕು. ಒಂದೇ ಕಡೆಗೆ ಬ್ರೇಕು ಬಿದ್ದರೆ ಗಾಡಿ ಮಗುಚುವದು. ಎರಡು ಟ್ರೇಲರುಗಳು ಒಂದೇ ಬೆಲೆಗೆ ದೊರೆತು, ಒಂದು ದೊಡ್ಡದು, ಇನ್ನೊಂದು ಚಿಕ್ಕದಾದರೂ ಬ್ರೇಕುಳ್ಳದ್ದು ಆಗಿದ್ದರೆ, ವಾಚಕರು ಚಿಕ್ಕದನ್ನೇ ಕೊಳ್ಳಬೇಕೆಂದು ನಾವು ನಿಸ್ಸಂಶಯವಾಗಿ ಹೇಳುವೆವು.

ಎರಡು ಗಾಲಿಯದೋ ನಾಲ್ಕು ಗಾಲಿಯದೋ ಎಂಬ ಪ್ರಶ್ನೆಯೂ ಬರುವದು. ಎರಡು ಗಾಲಿಯದು ತನ್ನ ಭಾರದ ಒಂದು ಭಾಗವನ್ನು ಟ್ರ್ಯಾಕ್ಟರಿನ ಹಿಂಭಾಗದ ಮೇಲಿಡುವದು. ಕೆಸರಿನಲ್ಲಿ ಹಿಡಿತ ದೊರೆಯುವದು, ಹಿಂದಕ್ಕೆ ತೆಗೆಯುವದೂ ಸುಲಭ. ಆದರೆ ಹೇರು ತೀರ ಮುಂದಾದರೆ ಟ್ರ್ಯಾಕ್ಟರಿನ ಮೂತಿ ಮೇಲೇಳುವದು, ತೀರ ಹಿಂದಾದರೆ ಮೂಕಿಯೇ ಮೇಲೇಳುವದು. ನಾಲ್ಕು ಗಾಲಿಯದು ತನ್ನ ಭಾರವನ್ನು ತಾನೇ ಹೊರುವದು. ಆದರೆ ನೋಡಬೇಕಾದ ಅಚ್ಚು, ಬೇರಿಂಗು, ಟಯರುಗಳೆಲ್ಲ ಇಮ್ಮಡಿ. ಇಕ್ಕಟ್ಟಾದ ಹೊಲದ ದಾರಿಯವರಿಗೆ ಎರಡು ಗಾಲಿಯದೇ ಹಿತ.

ಮೂರನೆಯದಾಗಿ, ಆ ಟ್ರೇಲರಿನ ಪೂರ್ವಜನ್ಮವನ್ನು ವಿಚಾರಿಸಬೇಕು. ಹತ್ತಿ, ತೊಗರಿ, ಹೊಟ್ಟು ಹೇರಿದ ಟ್ರೇಲರು ಹತ್ತು ವರ್ಷದ್ದಾದರೂ ಆರೋಗ್ಯವಾಗಿರಬಹುದು. ಮರಳು, ಮೊರಂ, ಕಲ್ಲು ಹೇರಿದ್ದು ಮೂರೇ ವರ್ಷಕ್ಕೆ ಮುದಿಯಾಗಿರಬಹುದು. ಕಬ್ಬಿನ ಸೀಮೆಗಳಿಂದ ಹಂಗಾಮು ಮುಗಿದ ಮೇಲೆ ಮಾರಾಟಕ್ಕೆ ಬರುವವುಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಜೋಡಿ ಟ್ರೇಲರು ಕಟ್ಟಿ ಮಿತಿಮೀರಿ ಹೇರುವ ಪದ್ಧತಿ ಅಲ್ಲಿ ಉಂಟು. ಮಾರುವವನು ಏನೇ ಹೇಳಲಿ, ಡಬ್ಬಿಯ ತಳವೇ ನಿಜ ಹೇಳುವದು. ತಗಡು ಒಳಗೆ ತಗ್ಗು ತಗ್ಗಾಗಿದ್ದರೆ ಕಲ್ಲು ಬಿದ್ದಿದೆ. ಮೂಲೆಗಳಲ್ಲಿ ತುಕ್ಕು ತಿಂದಿದ್ದರೆ ಹಸಿ ಮರಳೋ ಗೊಬ್ಬರವೋ ಬಹುಕಾಲ ನಿಂತಿದೆ.

ಇನ್ನು ಪರೀಕ್ಷೆಯ ಕ್ರಮ. ಬೇಕಾಗುವ ಸಾಮಾನು ಒಂದು ಜಾಕು, ಒಂದು ಚಿಕ್ಕ ಸುತ್ತಿಗೆ, ಒಂದು ದಾರ. ಮೊದಲು ಹಿಂದೆ ಹತ್ತು ಹೆಜ್ಜೆ ದೂರ ನಿಂತು ಗಾಲಿಗಳನ್ನು ನೋಡಬೇಕು. ಮೇಲ್ಭಾಗದಲ್ಲಿ ಎರಡೂ ಒಳಕ್ಕೆ ವಾಲಿದ್ದರೆ ಹೆಚ್ಚಿನ ಹೇರಿನಿಂದ ಅಚ್ಚು ನಡುವೆ ಬಾಗಿದೆ. ತರುವಾಯ ಚಾಸಿಯ ಒಂದು ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿದು ಅಳೆಯಬೇಕು. ಇನ್ನೊಂದು ಜೋಡಿ ಮೂಲೆಗಳಿಗೂ ಹಾಗೆಯೇ. ಆಯತದ ಎರಡು ಕರ್ಣಗಳು ಸಮವೆಂದು ಶಾಲೆಯಲ್ಲಿ ಎಲ್ಲರೂ ಕಲಿತದ್ದೇ; ಅವು ಸಮವಾಗದಿದ್ದರೆ ಚಾಸಿ ಸೊಟ್ಟಾಗಿದೆ. ಅಂಥ ಟ್ರೇಲರು ಟಯರುಗಳನ್ನು ತಿನ್ನುತ್ತಲೇ ಇರುವದು.

ಅನಂತರ ಕೆಳಗೆ ಮಲಗಿ ನೋಡುವದು. ಸಂಕೋಚಪಡಬಾರದು, ಬಟ್ಟೆಗೆ ಹತ್ತಿದ ಮಣ್ಣು ತೊಳೆದರೆ ಹೋಗುವದು. ಮೂಕಿಯು ಚಾಸಿಗೆ ಕೂಡುವಲ್ಲಿ ಬೆಸುಗೆಯ ಮೇಲೆ ಬೆಸುಗೆ ಹಾಕಿದ್ದರೆ ಹಿಂದೆ ಅಲ್ಲಿ ಬಿರುಕು ಬಿಟ್ಟಿದೆಯೆಂದು ತಿಳಿಯಬೇಕು. ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಗಟ್ಟಿ ಉಕ್ಕು ನಾದ ಕೊಡುವದು, ತುಕ್ಕು ಹಿಡಿದದ್ದು ಮಂದವಾಗಿ ಸದ್ದು ಮಾಡುವದು. ಇಡಿಯ ಟ್ರೇಲರು ಹಳೆಯದಿದ್ದು ಒಂದೇ ಕಡೆ ಹೊಸ ಬಣ್ಣವಿದ್ದರೆ ಆ ಬಣ್ಣದ ಕೆಳಗೆ ಏನಿದೆಯೆಂದು ಕೆರೆದು ನೋಡುವ ಹಕ್ಕು ಕೊಳ್ಳುವವನಿಗೆ ಇದೆ. ಮೂಕಿಯ ತುದಿಯ ಬಳೆಯಲ್ಲಿ ಪಿನ್ನು ಹೋಗುವ ರಂಧ್ರವು ದುಂಡಾಗಿರಬೇಕು. ಸವೆದು ಮೊಟ್ಟೆಯಾಕಾರವಾಗಿದ್ದರೆ ಬಳೆಯನ್ನು ಬದಲಿಸಬೇಕಾಗುವದು.

ಗಾಲಿಯನ್ನು ಜಾಕಿನಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಬೇಕು. ಕಟಕಟನೆ ಆಡಿದರೆ ಬೇರಿಂಗು ಸವೆದಿದೆ. ತಿರುಗಿಸಿ ಕಿವಿಗೊಡಬೇಕು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕೆಗಳು ಒತ್ತಿರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಗೆರೆಗಳು ಆಳವಾಗಿ ಕಂಡರೂ ಪಕ್ಕದ ರಬ್ಬರು ಒಡೆದಿದ್ದರೆ ಆ ಟಯರಿಗೆ ಬೆಲೆ ಕಟ್ಟಬಾರದು. ಕೊನೆಗೆ ಟ್ರೇಲರನ್ನು ನಾಲ್ಕೈದು ಕಿಲೋಮೀಟರು ಎಳೆಸಿ, ನಿಲ್ಲಿಸಿ, ಗಾಲಿಯ ಹಬ್ಬಿಗೆ ಕೈಯನ್ನು ಮೊದಲು ಹತ್ತಿರ ಒಯ್ದು, ಮೇಲೆ ಮೆಲ್ಲಗೆ ಮುಟ್ಟಿ ನೋಡಬೇಕು. ಒಂದು ತಣ್ಣಗಿದ್ದು ಇನ್ನೊಂದು ಸುಡುತ್ತಿದ್ದರೆ ಅಲ್ಲಿ ದೋಷವಿದೆ. ಇಷ್ಟಕ್ಕೂ ಒಪ್ಪದ ಮಾಲೀಕನ ಮನೆಯಿಂದ ನಮಸ್ಕಾರ ಹೇಳಿ ಹಿಂದಿರುಗುವದೇ ಲಾಭ.

ಉಕ್ಕಿನಷ್ಟೇ ಮುಖ್ಯವಾದುದು ಕಾಗದ. ಅದನ್ನು ಓದಿಸಿಕೊಳ್ಳಲು ಜನರು ನಮ್ಮಂಥವರ ಬಳಿಗೆ ಬರುವದು ಸಾಮಾನ್ಯವಾಗಿ ಹಣ ಕೊಟ್ಟ ಮೇಲೆ. ಟ್ರೇಲರಿಗೆ ಟ್ರ್ಯಾಕ್ಟರಿನಿಂದ ಬೇರೆಯಾದ ಸ್ವಂತ ನೋಂದಣಿ ಇರತಕ್ಕದ್ದು. ಪತ್ರದಲ್ಲಿಯ ಚಾಸಿ ನಂಬರು ಉಕ್ಕಿನ ಮೇಲೆ ಕೊರೆದ ನಂಬರಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ ಅದೇ ರಾಜ್ಯದ ವಾಹನವಾದರೆ ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ಹಸ್ತಾಂತರವನ್ನು ತಿಳಿಸಬೇಕು. ಅದಕ್ಕೆ 29 ಮತ್ತು 30ನೆಯ ನಮೂನೆಗಳಿವೆ. ಬ್ಯಾಂಕಿನ ಸಾಲವಿದ್ದುದಾದರೆ ಅದು ತೀರಿದುದಕ್ಕೆ 35ನೆಯ ನಮೂನೆ ಬೇಕು. ಯಾದಗಿರಿಯ ಕೆಎ-33 ಅಲ್ಲದೆ ಪರರಾಜ್ಯದ ನಂಬರಿದ್ದರೆ ಅಲ್ಲಿಯ ನಿರಾಕ್ಷೇಪಣಾ ಪತ್ರವಿಲ್ಲದೆ ಮುಂಗಡವನ್ನೂ ಕೊಡಬಾರದು. ಕಾಗದವೇ ಇಲ್ಲದ ಊರ ವರ್ಕ್‌ಶಾಪಿನ ಟ್ರೇಲರು ಎಷ್ಟೇ ಅಗ್ಗವಾದರೂ ಬೇಡ.

ಟ್ರ್ಯಾಕ್ಟರಿಗೆ ವಿಮೆಯಿದ್ದ ಮಾತ್ರಕ್ಕೆ ಟ್ರೇಲರಿಗೂ ಇದೆಯೆಂದು ಭಾವಿಸಬಾರದು. ಪಾಲಿಸಿಯಲ್ಲಿ ಅದನ್ನು ಕಾಣಿಸಿರಬೇಕು. ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳನ್ನು ಟ್ರೇಲರಿನಲ್ಲಿ ತುಂಬಿಕೊಂಡು ಹೋಗುವದನ್ನು ನಾವು ನಿತ್ಯ ಕಾಣುತ್ತೇವೆ. ಟ್ರೇಲರು ಮಾಲಿಗಾಗಿ ಇರುವ ವಾಹನ, ಮನುಷ್ಯರಿಗಾಗಿ ಅಲ್ಲ. ಸರಕಿನ ವಾಹನದಲ್ಲಿ ಸುಮ್ಮನೆ ಕುಳಿತು ಹೋಗುವವರ ಹೊಣೆ ವಿಮಾ ಕಂಪನಿಯದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿಯೇ ತೀರ್ಪು ಕೊಟ್ಟಿದೆ. ಹೋದ ಜೀವವಂತೂ ಬಾರದು; ಮೇಲೆ ಪರಿಹಾರದ ಹೊರೆಯು ಮಾಲೀಕನ ಹೊಲಮನೆಗಳ ಮೇಲೆ ಬಂದು ಎರಡು ಕುಟುಂಬಗಳು ಹಾಳಾಗುವವು.

ಎತ್ತುಗಳನ್ನು ಜಾತ್ರೆಗೆ ಒಯ್ಯಲೂ ಇದೇ ಟ್ರೇಲರು ಆದೀತೆಂದು ಕೆಲವರು ಎಣಿಸುವರು. 2015ರಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ ಸೇರಿದ ನಿಯಮದಂತೆ ಪ್ರಾಣಿಗಳನ್ನು ಸಾಗಿಸುವ ವಾಹನದಲ್ಲಿ ಒಂದೊಂದಕ್ಕೂ ಬೇರೆ ಬೇರೆ ಗೂಡುಗಳಿರಬೇಕು; ಆಕಳು ಎಮ್ಮೆಗಳಿಗೆ ಕನಿಷ್ಠ 2 ಚದರ ಮೀಟರು, ಕುದುರೆಗೆ 2.25 ಚದರ ಮೀಟರು. ಮೇಲೆ ಹೇಳಿದ ಡಬ್ಬಿಯ ತಳವು ಐದೂವರೆ ಚದರ ಮೀಟರಿನದು; ಎರಡಕ್ಕಿಂತ ಹೆಚ್ಚು ದೊಡ್ಡ ಪ್ರಾಣಿಗಳಿಗೆ ಅಲ್ಲಿ ಸ್ಥಳವೇ ಇಲ್ಲ. ನುಣುಪಾದ ತಗಡಿನ ಮೇಲೆ ಗೊರಸು ಜಾರಿ ಎತ್ತಿನ ಕಾಲು ಮುರಿದರೆ ಅದಕ್ಕೆ ಮದ್ದಿಲ್ಲ. ಆದುದರಿಂದ ದನಗಳಿಗಾಗಿ ಸಾದಾ ಟ್ರೇಲರು ಕೊಳ್ಳುವ ವಿಚಾರವನ್ನೇ ಬಿಡತಕ್ಕದ್ದು. ಅದಕ್ಕೆ ತಕ್ಕ ವಾಹನವನ್ನು ಬಾಡಿಗೆಗೆ ತರುವದೇ ಸರಿ.

ಕಡೆಯದಾಗಿ ಲೆಕ್ಕ. ಕೈಯಲ್ಲಿ ನೂರು ರೂಪಾಯಿಯಿದ್ದರೆ ನೂರನ್ನೂ ಮಾರುವವನಿಗೆ ಕೊಡಬಾರದು. ಎಪ್ಪತ್ತು ಟ್ರೇಲರಿಗೆ, ಇಪ್ಪತ್ತು ಬೇರಿಂಗು, ಟಯರು, ಬ್ರೇಕುಗಳಿಗೆ, ಹತ್ತು ಕಾಗದ ಮತ್ತು ವಿಮೆಗೆ, ಹೀಗೆ ಮನೆಯಲ್ಲಿಯೇ ಗಂಟು ಕಟ್ಟಿಟ್ಟುಕೊಂಡು ಹೊರಡಬೇಕು. ಪರೀಕ್ಷೆಯಲ್ಲಿ ಕಂಡ ಒಂದೊಂದು ದೋಷಕ್ಕೂ ಮೆಕ್ಯಾನಿಕನಿಂದ ಖರ್ಚು ಕೇಳಿ, ಅದನ್ನು ಬೆಲೆಯಲ್ಲಿ ಕಳೆಯಬೇಕು. ಬಾಗಿದ ಅಚ್ಚು, ಸೊಟ್ಟಾದ ಚಾಸಿ, ಹೊಂದದ ನಂಬರು, ಈ ಮೂರಕ್ಕೆ ಮಾತ್ರ ರಿಯಾಯಿತಿ ಕೇಳದೆ ಬಿಟ್ಟುಬರಬೇಕು. ಹಿಂದೆ ಹೊಳೆಯುವ ಕೆಂಪು ಪಟ್ಟಿಗಳನ್ನು ಅಂಟಿಸಲು ಸ್ವಲ್ಪವೇ ಹಣ ಸಾಕು. ದೀಪವಿಲ್ಲದೆ ರಾತ್ರಿ ರಸ್ತೆಯ ಅಂಚಿಗೆ ನಿಂತ ಟ್ರೇಲರಿಗೆ ಹಿಂದಿನಿಂದ ಬಂದು ಬಡಿಯುವ ಬೈಕಿನ ಹುಡುಗನ ಪ್ರಾಣವನ್ನು ಅದು ಉಳಿಸೀತು.

ಒತ್ತೆಯಿಟ್ಟ ಬಂಗಾರವು ಮನೆಯಾಕೆಯದಾದುದರಿಂದ ಕೊಳ್ಳುವ ಮುನ್ನ ಆಕೆಗೂ ಈ ಲೆಕ್ಕವನ್ನೆಲ್ಲ ತೋರಿಸತಕ್ಕದ್ದು. ಮನೆಯ ಖರ್ಚು ತೂಗಿಸಿದವಳ ಕಣ್ಣಿಗೆ ಗಂಡಸರು ಕಾಣದ ಸೋರಿಕೆಗಳು ಬೇಗನೆ ಕಾಣುವವು. ಬ್ರೇಕು ಹಾಕಿಸಿದ್ದೀರಾ ಎಂದು ಆಕೆಯು ಕೇಳಿದರೆ ಹೌದೆಂದು ಉತ್ತರ ಕೊಡುವಂತಿರಬೇಕು.