ಸಂಸಾರದ ಉಳಿತಾಯ ಮತ್ತು ವಿಮೆ: ದಂಪತಿಗಳು ಕೂಡಿ ಮಾಡಬೇಕಾದ ಲೆಕ್ಕ

ಆರೋಗ್ಯ ಇಲಾಖೆಯ ಪುಸ್ತಿಕೆಯಲ್ಲಿ ಹಣಕಾಸಿನ ವಿಚಾರ ಏಕೆ ಬಂದಿತೆಂದು ಓದುಗರಿಗೆ ಸೋಜಿಗವೆನಿಸಬಹುದು. ಕುಟುಂಬ ಕಲ್ಯಾಣವೆಂದರೆ ಹೆರಿಗೆಗಳ ನಡುವೆ ಅಂತರವಿಡುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕಿಸುವುದು, ಗರ್ಭಿಣಿಯ ಆರೈಕೆ ಮಾಡುವುದು ಇಷ್ಟೇ ಎಂದು ಅನೇಕರು ತಿಳಿದಿರುತ್ತಾರೆ. ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕುಳಿತ ವೈದ್ಯಾಧಿಕಾರಿಯ ಮುಂದೆ ಬರುವ ಎಷ್ಟೋ ಕಾಯಿಲೆಗಳು ಉಲ್ಬಣಿಸುವುದಕ್ಕೆ ಕೈಯಲ್ಲಿ ಕಾಸಿಲ್ಲದಿರುವುದೂ ಒಂದು ಕಾರಣವಾಗಿರುತ್ತದೆ. "ಅಡಿಕೆ ಮಾರಿದ ಮೇಲೆ ತೋರಿಸೋಣ" ಎಂದು ಮುಂದೂಡಿದ ಎದೆನೋವು, "ಬೀಡಿಯ ದುಡ್ಡು ಬರಲಿ" ಎಂದು ಬಿಟ್ಟ ಕಾಲಿನ ಹುಣ್ಣು, ಇವು ನಮ್ಮ ತಾಲ್ಲೂಕುಗಳಲ್ಲಿ ಹೊಸತಲ್ಲ.

ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವಾಗಲಾಗಲಿ, ಬೇಸಿಗೆಯಲ್ಲಿ ಕೊಯ್ಲು ಮಾಡುವಾಗಲಾಗಲಿ ಅಡಿಕೆ ಮರದಿಂದ ಬಿದ್ದವರನ್ನು ಪುತ್ತೂರು, ಸುಳ್ಯ, ಕಡಬಗಳ ವೈದ್ಯರೆಲ್ಲರೂ ಕಂಡಿದ್ದಾರೆ. ಬೆನ್ನುಮೂಳೆ ಮುರಿದವನನ್ನು ಮಂಗಳೂರಿಗೆ ಕಳುಹಿಸಬೇಕಾಗುತ್ತದೆ. ಪುತ್ತೂರಿನಿಂದ ಸುಮಾರು 50 ಕಿಲೋಮೀಟರು. ಸುಳ್ಯದಿಂದ 80ಕ್ಕೂ ಹೆಚ್ಚು. 108 ವಾಹನಕ್ಕೆ ಹಣ ಬೇಡ. ವೆನ್ಲಾಕ್ ಜಿಲ್ಲಾ ಆಸ್ಪತ್ರೆಯಲ್ಲಿ ವೆಚ್ಚವೂ ಕಡಿಮೆ. ಆದರೂ ಜೊತೆಗಿರುವವರ ಊಟ, ಹೋಗಿಬರುವ ಬಸ್ಸಿನ ಖರ್ಚು, ತಿಂಗಳುಗಟ್ಟಲೆ ನಿಂತುಹೋದ ಕೂಲಿ ಇವುಗಳನ್ನು ಯಾವ ಯೋಜನೆಯೂ ತುಂಬಿಕೊಡುವುದಿಲ್ಲ. ಆಗ ಹೆಂಡತಿಯ ಕರಿಮಣಿ ಸರ ಅಡವಿಗೆ ಹೋಗುತ್ತದೆ, ಅಥವಾ ಇನ್ನೂ ಧಾರಣೆ ಬಾರದ ಅಡಿಕೆಯನ್ನು ಸಿಕ್ಕ ಬೆಲೆಗೆ ಕೊಡಬೇಕಾಗುತ್ತದೆ.

ಆದುದರಿಂದ ಪ್ರತಿಯೊಂದು ಸಂಸಾರವೂ ತನ್ನ ಹಣವನ್ನು ಮೂರು ಬಗೆಯೆಂದು ತಿಳಿಯತಕ್ಕದ್ದು. ನಾಳೆಯೇ ಬೇಕಾದೀತೆಂಬ ಕೈಹಣ ಒಂದು. ದುಡಿಯುವವನಿಗೆ ಏನಾದರೂ ಆದರೆ ಬರತಕ್ಕ ವಿಮೆಯ ಹಣ ಇನ್ನೊಂದು. ಹತ್ತಿಪ್ಪತ್ತು ವರ್ಷಗಳ ಮೇಲೆ ಮಕ್ಕಳ ವಿದ್ಯೆಗೋ ವೃದ್ಧಾಪ್ಯಕ್ಕೋ ಬೇಕಾದ ಬೆಳೆಯುವ ಹಣ ಮತ್ತೊಂದು. ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿಡಲು ಹೋಗುವುದರಿಂದಲೇ ಹೆಚ್ಚಿನ ನಷ್ಟ ಸಂಭವಿಸುತ್ತದೆ.

ನಮ್ಮ ಕಡೆಯ ಆದಾಯದ ಸ್ವಭಾವವನ್ನು ಮೊದಲು ಗಮನಿಸಬೇಕು. ತೋಟದವರಿಗೆ ಹಣ ಬರುವುದು ಕೊಯ್ಲಾಗಿ, ಸುಮಾರು ನಲವತ್ತು ದಿನ ಅಂಗಳದಲ್ಲಿ ಒಣಗಿ, ಸುಲಿದ ಅಡಿಕೆ ಕ್ಯಾಂಪ್ಕೊಗೋ ಅಂಗಡಿಗೋ ಹೋದ ಮೇಲೆ. ರಬ್ಬರ್ ಹಾಲು ತೆಗೆಯುವವರಿಗೆ ಮಳೆಯ ದಿನಗಳಲ್ಲಿ ಕೆಲಸ ಕಡಿಮೆ. ಬೀಡಿ ಕಟ್ಟುವ ಹೆಂಗಸರಿಗೆ ಚಿಕ್ಕ ಚಿಕ್ಕ ಮೊತ್ತಗಳು ಆಗಾಗ ಬರುತ್ತವೆ. ಸುಳ್ಯದ ಹಲವು ಗ್ರಾಮಗಳಲ್ಲಿ ಹಳದಿ ಎಲೆ ರೋಗದಿಂದ ತೋಟಗಳೇ ಬರಿದಾಗಿವೆ. ಅಲ್ಲಿ ಕಳೆದ ವರ್ಷದ ಆದಾಯ ಮುಂದಿನ ವರ್ಷಕ್ಕೆ ಭರವಸೆಯಾಗದು.

ಅಟ್ಟದ ಮೇಲಿನ ಅಡಿಕೆಯೇ ತಮ್ಮ ಬ್ಯಾಂಕೆಂದು ಹಿರಿಯರು ಹೇಳುವುದುಂಟು. ಈ ಮಾತಿನಲ್ಲಿ ತಿರುಳಿದೆ. ಹೊಸ ಅಡಿಕೆಗಿಂತ ವರ್ಷ ಕಳೆದ ಚೋಲ್ ಅಡಿಕೆಗೆ ಧಾರಣೆ ಹೆಚ್ಚು. ಬೇಕಾದಾಗ ಒಂದು ಗೋಣಿ ಇಳಿಸಿ ಮಾರಬಹುದು. ಆದರೆ ಅದಕ್ಕೆ ಹುಳು ಬೀಳುವುದುಂಟು, ಧಾರಣೆ ಕುಸಿಯುವುದುಂಟು. ಕಾಯಿಲೆಯು ಧಾರಣೆ ನೋಡಿಕೊಂಡು ಬರುವುದಿಲ್ಲ. ಅಟ್ಟದ ಅಡಿಕೆಯನ್ನು ಪೂರ್ತಿ ಬಿಡಬೇಕೆಂದು ಹೇಳುತ್ತಿಲ್ಲ. ಕನಿಷ್ಠ ಮೂರು ನಾಲ್ಕು ತಿಂಗಳ ಮನೆಖರ್ಚಿನಷ್ಟು ಹಣವಾದರೂ ಅಡಿಕೆಯ ರೂಪದಲ್ಲಲ್ಲದೆ ನಗದಾಗಿ, ಬ್ಯಾಂಕಿನ ಅಥವಾ ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಇರಬೇಕೆಂಬುದಷ್ಟೇ ನಮ್ಮ ಸಲಹೆ. ತೋಟದವರು ಇದನ್ನು ಮೊದಲ ಮಾರಾಟದ ದಿನವೇ ತೆಗೆದಿಡತಕ್ಕದ್ದು. ಉಳಿದದ್ದನ್ನು ಇಡೋಣವೆಂದರೆ ಉಳಿಯುವುದೇ ಇಲ್ಲ.

ಕೂಲಿಯವರು, ಬೀಡಿಯವರು "ನಾವೆಲ್ಲಿಂದ ಉಳಿಸುವುದು?" ಎನ್ನುತ್ತಾರೆ. ಈ ಪ್ರಶ್ನೆಗೆ ನಮ್ಮ ಜಿಲ್ಲೆಯೇ ದೇಶಕ್ಕೆ ಉತ್ತರ ಕೊಟ್ಟಿದೆ. ಅವಿಭಜಿತ ದಕ್ಷಿಣ ಕನ್ನಡದ ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ಬ್ಯಾಂಕಿನ ಪ್ರತಿನಿಧಿಯೇ ಮನೆ ಬಾಗಿಲಿಗೆ ಬಂದು ಪಡೆಯುತ್ತಿದ್ದನು. ಇಂದಿಗೂ ನಮ್ಮ ಪೇಟೆಗಳಲ್ಲಿ ಸಹಕಾರಿ ಸಂಘಗಳ ಪಿಗ್ಮಿ ಸಂಗ್ರಾಹಕರು ಅಂಗಡಿಯಿಂದ ಅಂಗಡಿಗೆ ಹೋಗುವುದನ್ನು ಕಾಣಬಹುದು. ಅಂಚೆ ಕಚೇರಿಯ ಆವರ್ತ ಠೇವಣಿಯನ್ನು ತಿಂಗಳಿಗೆ 100 ರೂಪಾಯಿಯಿಂದಲೇ ಆರಂಭಿಸಬಹುದು.

ಸಹಕಾರಿ ಸಂಘಗಳ ವಿಷಯದಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಮೊಳಹಳ್ಳಿ ಶಿವರಾಯರ ಕರ್ಮಭೂಮಿಯಾದ ಪುತ್ತೂರಿನಲ್ಲಿ ಸಹಕಾರದ ಮೇಲೆ ಜನರಿಗೆ ಇರುವ ವಿಶ್ವಾಸ ಸಹಜವಾದುದು, ಯೋಗ್ಯವಾದುದು. ಆದರೆ ಠೇವಣಿ ವಿಮೆಯ ರಕ್ಷಣೆ ಎಲ್ಲ ಕಡೆ ಒಂದೇ ಅಲ್ಲ. ವಾಣಿಜ್ಯ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕುಗಳು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮಾ ನಿಗಮ ಕೊಡುತ್ತದೆ. 2020ರ ಫೆಬ್ರವರಿಯಲ್ಲಿ ಈ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಗ್ರಾಮದ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘದಲ್ಲಿಟ್ಟ ಠೇವಣಿಗೆ ಈ ವಿಮೆ ಅನ್ವಯಿಸುವುದಿಲ್ಲ. ಅರ್ಧ ಒಂದು ಬಡ್ಡಿ ಹೆಚ್ಚೆಂದು ಇಡೀ ಉಳಿತಾಯವನ್ನು ಒಂದೇ ಸಂಘದಲ್ಲಿ ಇಡುವ ಮೊದಲು ಸಂಘದ ವಾರ್ಷಿಕ ವರದಿಯನ್ನು ಓದಬೇಕು, ಮಹಾಸಭೆಗೆ ಹೋಗಬೇಕು. ಸದಸ್ಯನಾದವನಿಗೆ ಪ್ರಶ್ನೆ ಕೇಳುವ ಹಕ್ಕಿದೆ. ಮಹಾಸಭೆಗೆ ಊಟಕ್ಕೆ ಮಾತ್ರ ಹೋಗುವ ಸದಸ್ಯರೂ ಉಂಟೆಂಬುದು ಬೇರೆ ಮಾತು.

ಇನ್ನು ವಿಮೆ. ಇಲ್ಲಿಯೇ ಗ್ರಾಮೀಣ ಸಂಸಾರಗಳು ಹೆಚ್ಚು ವ್ಯಯ ಮಾಡಿ ಕಡಿಮೆ ರಕ್ಷಣೆ ಪಡೆಯುತ್ತಿರುವುದು. ಏಜೆಂಟರು ಸಾಮಾನ್ಯವಾಗಿ ಭಾವನೋ ಚಿಕ್ಕಪ್ಪನ ಮಗನೋ ಆಗಿರುವುದರಿಂದ ದಾಕ್ಷಿಣ್ಯಕ್ಕೆ ಪಾಲಿಸಿ ಮಾಡಿಸಿಕೊಳ್ಳುತ್ತಾರೆ. ಸತ್ತರೂ ಬರುತ್ತದೆ, ಬದುಕಿದರೂ ಬರುತ್ತದೆ ಎಂಬ ಮಾತು ಕೇಳಲು ಹಿತವಾಗಿರುತ್ತದೆ. ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 12,000 ರೂಪಾಯಿಯಂತೆ 20 ವರ್ಷ ಕಟ್ಟಿದರೆ ಒಟ್ಟು 2,40,000. ವಿಮಾ ಮೊತ್ತವೂ ಸುಮಾರು ಅಷ್ಟೇ ಎಂದಿಟ್ಟುಕೊಳ್ಳೋಣ. ಕೊನೆಗೆ ಬೋನಸ್ ಸೇರಿ 4,16,000 ಕೈಗೆ ಬಂದಿತೆನ್ನಿ. ಮೊತ್ತ ದೊಡ್ಡದೆನಿಸುತ್ತದೆ; ಆದರೆ ಇದು ನೂರಕ್ಕೆ 5ರ ಚಕ್ರಬಡ್ಡಿಯ ಫಲ ಮಾತ್ರ.

ಈಗ ಅದೇ 12,000ದಲ್ಲಿ 456 ರೂಪಾಯಿಯನ್ನು ಬೇರೆ ತೆಗೆಯಿರಿ. 2015ರಲ್ಲಿ ಆರಂಭವಾದ ಎರಡು ಕೇಂದ್ರ ಯೋಜನೆಗಳಿವೆ. ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಗೆ ವರ್ಷಕ್ಕೆ 436 ರೂಪಾಯಿ. ಯಾವ ಕಾರಣದಿಂದ ಮೃತಪಟ್ಟರೂ 2 ಲಕ್ಷ. 18ರಿಂದ 50 ವರ್ಷದೊಳಗೆ ಸೇರಬೇಕು, 55ರವರೆಗೆ ರಕ್ಷಣೆ. ಹೊಸದಾಗಿ ಸೇರಿದ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ಹಣ ಸಲ್ಲುತ್ತದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ; ಅಪಘಾತದಲ್ಲಿ ಮೃತಪಟ್ಟರೆ ಅಥವಾ ಎರಡೂ ಕಾಲು, ಎರಡೂ ಕೈ, ಎರಡೂ ಕಣ್ಣು ಶಾಶ್ವತವಾಗಿ ನಿಷ್ಪ್ರಯೋಜಕವಾದರೆ 2 ಲಕ್ಷ; ಒಂದು ಕೈಯೋ ಕಾಲೋ ಕಣ್ಣೋ ಹೋದರೆ 1 ಲಕ್ಷ. ಇದಕ್ಕೆ 70 ವರ್ಷದವರೆಗೆ ಸೇರಬಹುದು. ಈ 456 ಕಳೆದು ಉಳಿದ 11,544 ರೂಪಾಯಿಯನ್ನು ಪ್ರತಿ ವರ್ಷ ನೂರಕ್ಕೆ 7ರ ಚಕ್ರಬಡ್ಡಿ ದೊರೆಯುವ ಕಡೆ ತೊಡಗಿಸಿದರೆ 20 ವರ್ಷಕ್ಕೆ ಸುಮಾರು 5,06,000 ಆಗುತ್ತದೆ. ಜೀವ ರಕ್ಷಣೆ ಹೆಚ್ಚುಕಡಿಮೆ ಸಮ, ಅಪಘಾತ ರಕ್ಷಣೆ ಹೆಚ್ಚುವರಿ, ಕೊನೆಯಲ್ಲಿ 90,000 ಅಧಿಕ. ಬಡ್ಡಿಯ ದರವೂ ಕಂತಿನ ದರವೂ ಬದಲಾಗಬಹುದು. ಆದರೂ ಹೋಲಿಕೆಯ ದಿಕ್ಕು ಬದಲಾಗದು.

ಆದರೆ 2 ಲಕ್ಷ ರೂಪಾಯಿ ಇಂದಿನ ದಿನದಲ್ಲಿ ಚಿಕ್ಕ ಮಕ್ಕಳಿರುವ ಮನೆಗೆ ಎಷ್ಟು ದಿನ ಬಂದೀತು? ತಿಂಗಳಿಗೆ 12,000 ಖರ್ಚಿನ ಸಂಸಾರ ಅದರಲ್ಲಿ ಒಂದೂವರೆ ವರ್ಷವನ್ನೂ ದಾಟದು. ಮುಖ್ಯ ದುಡಿಮೆಗಾರನ ಹೆಸರಿನಲ್ಲಿ ಶುದ್ಧ ಅವಧಿ ವಿಮೆ, ಎಂದರೆ ಬದುಕಿದ್ದರೆ ಏನೂ ಹಿಂದಿರುಗದ ಪಾಲಿಸಿ, ತೆಗೆದುಕೊಳ್ಳುವುದು ಸೂಕ್ತ. "ಏನೂ ಹಿಂದಿರುಗುವುದಿಲ್ಲ" ಎಂಬುದನ್ನು ಕೇಳಿ ಹಲವರು ಹಿಂಜರಿಯುತ್ತಾರೆ. ಅದೇ ಕಾರಣದಿಂದಲೇ ಅದರ ಕಂತು ಅಷ್ಟು ಕಡಿಮೆಯಿರುವುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಯ ಕಂತಿನ ಮೇಲೆ ಸರಕು ಮತ್ತು ಸೇವಾ ತೆರಿಗೆ ಇಲ್ಲ. ಅದಕ್ಕೆ ಮೊದಲು ಅವಧಿ ವಿಮೆಗೆ ನೂರಕ್ಕೆ 18 ತೆರಬೇಕಾಗಿತ್ತು. ಹಳೆಯ ದರದ ಚೀಟಿ ತೋರಿಸುವವರಿದ್ದರೆ ಈ ವಿಷಯ ಕೇಳಿರಿ.

ಈಗಾಗಲೇ ಹಳೆಯ ಬಗೆಯ ಪಾಲಿಸಿ ಇರುವವರು ಇದನ್ನು ಓದಿ ನಾಳೆಯೇ ಅದನ್ನು ಮುರಿಯಕೂಡದು. ಅವಧಿಗೆ ಮೊದಲು ಒಪ್ಪಿಸಿದರೆ ಕಟ್ಟಿದ್ದಕ್ಕಿಂತ ಕಡಿಮೆ ಬರುವ ಸಂಭವ ಹೆಚ್ಚು. ಕಂತು ನಿಲ್ಲಿಸಿ, ಕಟ್ಟಿದಷ್ಟಕ್ಕೆ ಪಾಲಿಸಿಯನ್ನು ಉಳಿಸಿಕೊಳ್ಳುವ ಅನುಕೂಲವಿದೆಯೇ ಎಂದು ವಿಮಾ ಕಚೇರಿಯಲ್ಲೇ ವಿಚಾರಿಸತಕ್ಕದ್ದು. ಹೊಸ ಪಾಲಿಸಿ ಕೈಸೇರಿದ 30 ದಿನಗಳೊಳಗಾದರೆ, ಬೇಡವೆಂದು ಹಿಂದಿರುಗಿಸಲು ಕಾನೂನಿನಲ್ಲಿ ಅವಕಾಶವಿದೆ.

ಆರೋಗ್ಯದ ವೆಚ್ಚಕ್ಕೆ ಬರೋಣ. ಹಣ ಕೊಟ್ಟು ವಿಮೆ ಕೊಳ್ಳುವ ಮುನ್ನ ಸರ್ಕಾರ ಈಗಾಗಲೇ ಭರಿಸುತ್ತಿರುವುದನ್ನು ತಿಳಿಯಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಶಸ್ತ್ರಕ್ರಿಯೆಯ ಹೆರಿಗೆಯೂ ಸೇರಿ, 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಉಚಿತ. 2018ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ನೂರಕ್ಕೆ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾಗಿ, ಬಿಲ್ಲು ಬಂದ ಮೇಲೆ ಪತ್ರ ಕೇಳಲು ನಮ್ಮಲ್ಲಿಗೆ ಓಡಿಬರುವವರಿಗೆ ನಾವು ಸಹಾಯ ಮಾಡಲಾಗುವುದಿಲ್ಲ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ ಉಂಟು. 2018ರಲ್ಲಿ ನಿಂತಿದ್ದ ಇದು 2022ರಲ್ಲಿ ಮರುಜಾರಿಯಾದಾಗ ನಾಲ್ವರ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಕಂತು ನಿಗದಿಯಾಯಿತು. ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ; ಸಂಘದ ಕಾರ್ಯದರ್ಶಿಯನ್ನು ಮುಂಚಿತವಾಗಿ ಕೇಳಿಡಬೇಕು.

ಇವು ಸಾಲದೆ ಖಾಸಗಿ ಆರೋಗ್ಯ ವಿಮೆ ಕೊಳ್ಳುವವರು ಅರ್ಜಿಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಮುಚ್ಚಿಡಕೂಡದು. ಕಂತು ಹೆಚ್ಚಾದೀತೆಂದು ಏಜೆಂಟನೇ "ಬರೆಯಬೇಡಿ" ಎನ್ನುವುದುಂಟು. ಮುಂದೆ ಆಸ್ಪತ್ರೆಯಲ್ಲಿ ವೈದ್ಯರು "ಎಷ್ಟು ವರ್ಷದಿಂದ ಸಕ್ಕರೆ ಕಾಯಿಲೆ?" ಎಂದು ಕೇಳಿದಾಗ ರೋಗಿ "ಆರು ವರ್ಷ" ಎನ್ನುತ್ತಾನೆ, ಅದು ದಾಖಲೆಗೆ ಸೇರುತ್ತದೆ, ಕಂಪೆನಿ ಅದನ್ನೇ ಹಿಡಿದು ಹಣ ನಿರಾಕರಿಸುತ್ತದೆ. ಮೊದಲಿನಿಂದಿದ್ದ ಕಾಯಿಲೆಯನ್ನು ಬರೆದರೆ ಹೆಚ್ಚೆಂದರೆ 3 ವರ್ಷ ಕಾಯಬೇಕಾದೀತು, ಆಮೇಲೆ ಅದಕ್ಕೂ ರಕ್ಷಣೆ ಸಿಗುತ್ತದೆ.

ಬೆಳೆಯುವ ಹಣಕ್ಕೆ ಹತ್ತು ವರ್ಷದೊಳಗಿನ ಹೆಣ್ಣುಮಗುವಿದ್ದರೆ ಸುಕನ್ಯಾ ಸಮೃದ್ಧಿ ಖಾತೆ (ವರ್ಷಕ್ಕೆ ಕನಿಷ್ಠ 250 ರೂಪಾಯಿ, ಹದಿನೈದು ವರ್ಷ ಕಟ್ಟಬೇಕು, ಖಾತೆ ತೆರೆದು ಇಪ್ಪತ್ತೊಂದನೆಯ ವರ್ಷಕ್ಕೆ ಪಕ್ವ), ಇಲ್ಲದವರಿಗೆ ಸಾರ್ವಜನಿಕ ಭವಿಷ್ಯನಿಧಿ. ಷೇರು ಪೇಟೆಯ ಮ್ಯೂಚುವಲ್ ಫಂಡುಗಳಲ್ಲಿ ತೊಡಗಿಸುವವರು ಏಳೆಂಟು ವರ್ಷ ಮುಟ್ಟಬೇಕಿಲ್ಲದ ಹಣವನ್ನು ಮಾತ್ರ ತೊಡಗಿಸಲಿ. ತಿಂಗಳಿಗೆ ನೂರಕ್ಕೆ ಐದು, ಹತ್ತು ಎಂದು ಮಾತು ಕೊಡುವವರ ಮನೆಯ ಮೆಟ್ಟಿಲನ್ನೂ ಹತ್ತಬಾರದು.

ಗಂಡಸರು ಇವನ್ನೆಲ್ಲ ತಾವೇ ನೋಡಿಕೊಂಡು ಮಡದಿಗೆ ತಿಳಿಸದಿರುವುದು ನಮ್ಮಲ್ಲಿ ವಾಡಿಕೆ. ಮದುವೆಗೆ ಮೊದಲು ಮಾಡಿಸಿದ ಪಾಲಿಸಿಯಲ್ಲಿ ತಾಯಿಯ ಹೆಸರೇ ನಾಮನಿರ್ದೇಶನವಾಗಿ ಉಳಿದಿರುತ್ತದೆ. 2015ರ ತಿದ್ದುಪಡಿಯ ನಂತರ ಜೀವ ವಿಮೆಯಲ್ಲಿ ಹೀಗೆ ಹೆಸರಿಸಿದ ತಂದೆತಾಯಿ, ಪತಿಪತ್ನಿ, ಮಕ್ಕಳಿಗೇ ಹಣ ಸ್ವಂತವಾಗಿ ಸಲ್ಲುತ್ತದೆ. ಮಕ್ಕಳೊಂದಿಗೆ ಉಳಿದ ವಿಧವೆಗೆ ಅತ್ತೆಯ ದಯೆಯೇ ಗತಿಯಾದೀತು. ಆದ್ದರಿಂದ ಈ ವಾರವೇ ದಂಪತಿಗಳಿಬ್ಬರೂ ಕುಳಿತು ಪ್ರತಿ ಪಾಲಿಸಿ, ಪ್ರತಿ ಖಾತೆಯ ನಾಮನಿರ್ದೇಶನ ನೋಡಿಕೊಳ್ಳಿರಿ. ಬ್ಯಾಂಕ್ ಖಾತೆಗಳಲ್ಲಿ 2025ರ ನವೆಂಬರ್ 1ರಿಂದ ನಾಲ್ವರ ಹೆಸರನ್ನು ಕೊಡಬಹುದು. ಸಾಲವಿರುವವರು ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆ, 1874ರ ಪ್ರಕಾರ ಪಾಲಿಸಿ ಮಾಡಿಸಿದರೆ ಆ ಹಣ ಹೆಂಡತಿ ಮಕ್ಕಳದಾಗುತ್ತದೆ, ಸಾಲಗಾರರು ಮುಟ್ಟುವಂತಿಲ್ಲ. ಪಾಲಿಸಿ ಮಾಡಿಸುವಾಗಲೇ ಇದನ್ನು ಹೇಳಬೇಕು.

ಪೆಟ್ಟಿಗೆಯಲ್ಲಿ ಹಿರಿಯರ ವಿಜಯಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಪಾಸು ಪುಸ್ತಕಗಳಿದ್ದರೆ ಎಸೆಯಬೇಡಿರಿ. ಮೊದಲನೆಯದು 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ, ಇನ್ನೆರಡು 2020ರಲ್ಲಿ ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕುಗಳಲ್ಲಿ ವಿಲೀನವಾಗಿವೆ; ಹತ್ತು ವರ್ಷ ಮುಟ್ಟದ ಠೇವಣಿಯನ್ನೂ ವಾರಸುದಾರರು ಆ ಬ್ಯಾಂಕಿನಲ್ಲೇ ಕೇಳಿ ಪಡೆಯಬಹುದು.

20 ರೂಪಾಯಿಯ ಅಪಘಾತ ವಿಮೆಯ ಕುರಿತು ವೈದ್ಯನಾಗಿ ಹೇಳಬೇಕಾದುದೊಂದಿದೆ. ವಾಹನ ಅಪಘಾತ, ನೀರಿನಲ್ಲಿ ಮುಳುಗುವಿಕೆ ಮುಂತಾದವಕ್ಕೆ ಪೊಲೀಸು ವರದಿ ಬೇಕು. ಮರದಿಂದ ಬಿದ್ದದ್ದಕ್ಕೆ, ಹಾವು ಕಚ್ಚಿದ್ದಕ್ಕೆ ಆ ಕೂಡಲೇ ಬರೆದ ಆಸ್ಪತ್ರೆಯ ದಾಖಲೆಯೇ ಆಧಾರ. ಗಾಯಾಳುವನ್ನು ಕರೆತಂದವರು "ಮರದಿಂದ ಬಿದ್ದರು" ಎಂದು ಮೊದಲ ಚೀಟಿಯಲ್ಲೇ ಬರೆಯಿಸಬೇಕು. ಹಾವು ಕಚ್ಚಿದವರನ್ನು ನಾಟಿ ಮದ್ದಿಗೆ ಒಯ್ದು ಎರಡು ದಿನ ಕಳೆದು ತಂದರೆ ಪ್ರಾಣಕ್ಕೂ ಅಪಾಯ, ದಾಖಲೆಯೂ ಇಲ್ಲ. ಈ ವಿಮೆಯ ವರ್ಷ ಜೂನ್ 1ರಿಂದ ಮೇ 31. ಮೇ ತಿಂಗಳ ಕೊನೆಯಲ್ಲಿ ಖಾತೆಯಿಂದ ಕಂತು ತಾನಾಗಿ ಕಡಿತವಾಗುತ್ತದೆ. ಆ ವಾರ ಖಾತೆಯಲ್ಲಿ ಗಂಡ ಹೆಂಡಿರಿಬ್ಬರ ಪಾಲಿಗೂ ಸಾಕಷ್ಟು ಹಣವಿರುವಂತೆ ನೋಡಿಕೊಳ್ಳಿರಿ. ಮದ್ದು ಬಿಡುವ ಕೆಲಸ ಆರಂಭವಾಗುವುದೂ ಅದರ ಬೆನ್ನಿಗೇ.